ಗಡಿ ದಾಟಿದರೂ ಕೈಬಿಡದ ಪಿಂಚಣಿ: ನಾರ್ಡಿಕ್ ದೇಶಗಳ ನಂಟು ಬೆಳೆದ ಬಗೆ

ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್. ಉತ್ತರ ಯುರೋಪಿನ ಈ ಐದು ದೇಶಗಳ ಹೆಸರು ಹೆಚ್ಚಾಗಿ ಒಟ್ಟಿಗೇ ಕೇಳಿಬರುತ್ತದೆ. ತೆರಿಗೆ, ಸರ್ಕಾರಿ ಆಸ್ಪತ್ರೆ, ಮಗುವಿನ ಆರೈಕೆಗೆ ರಜೆ, ಪಿಂಚಣಿ ಅಂತ ಎಲ್ಲಿ ಚರ್ಚೆ ಎದ್ದರೂ ‘ನಾರ್ಡಿಕ್ ದೇಶಗಳನ್ನು ನೋಡಿ’ ಅನ್ನುವ ಮಾತು ಬಂದೇ ಬರುತ್ತದೆ. ಐದೂ ದೇಶಗಳ ಜೊತೆ ಫೆರೋ ದ್ವೀಪಗಳು, ಗ್ರೀನ್‌ಲ್ಯಾಂಡ್, ಓಲಾಂಡ್ ಎಂಬ ಮೂರು ಸ್ವಯಮಾಡಳಿತ ಪ್ರದೇಶಗಳನ್ನು ಸೇರಿಸಿದರೂ ಜನಸಂಖ್ಯೆ ಮೂರು ಕೋಟಿ ಮುಟ್ಟುವುದಿಲ್ಲ. ಆದರೂ ಜಗತ್ತಿನ ಕಣ್ಣಿಗೆ ಅವು ಒಂದು ಪ್ರದೇಶ, ಒಂದು ಗುರುತು.

ಆ ಗುರುತು ಎಲ್ಲಿಂದ ಬಂತು? ಭಾಷೆಯಿಂದ ಅನ್ನೋಣ ಅಂದರೆ ಅದು ಅರ್ಧ ಸತ್ಯ ಅಷ್ಟೇ. ಡೇನಿಶ್, ಸ್ವೀಡಿಶ್, ನಾರ್ವೇಜಿಯನ್ ಮಾತಾಡುವವರು ಸ್ವಲ್ಪ ಕಷ್ಟಪಟ್ಟರೆ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳುತ್ತಾರೆ. ಐಸ್‌ಲ್ಯಾಂಡಿನ ಭಾಷೆ ಅವರಿಗೆ ಸುಲಭಕ್ಕೆ ಹತ್ತುವುದಿಲ್ಲ. ಫಿನ್ನಿಶ್ ಅಂತೂ ಬೇರೆ ಭಾಷಾ ಕುಟುಂಬವೇ. ಹಣವೂ ಒಂದಲ್ಲ: ಫಿನ್‌ಲ್ಯಾಂಡಿನಲ್ಲಿ ಯೂರೋ, ಉಳಿದ ನಾಲ್ಕು ದೇಶಗಳಿಗೆ ತಮ್ಮ ತಮ್ಮ ಕ್ರೋನ. ಮೂರು ದೇಶಗಳಲ್ಲಿ ರಾಜಮನೆತನ ಇದೆ, ಎರಡು ಗಣರಾಜ್ಯಗಳು. ಮೂರು ದೇಶಗಳು ಯುರೋಪಿಯನ್ ಒಕ್ಕೂಟದ ಒಳಗಿವೆ, ನಾರ್ವೆ ಮತ್ತು ಐಸ್‌ಲ್ಯಾಂಡ್ ಹೊರಗಿವೆ.

ಇತಿಹಾಸವಾದರೂ ಪ್ರೀತಿಯದ್ದೇ? ಅದೂ ಅಲ್ಲ. ಇವರನ್ನೆಲ್ಲ ಒಂದೇ ಕಿರೀಟದ ಕೆಳಗೆ ತಂದ ಕಾಲ್ಮಾರ್ ಒಕ್ಕೂಟ 1397ರಲ್ಲಿ ಶುರುವಾಗಿ 1523ರಲ್ಲಿ ಒಡೆದುಹೋಯಿತು. ಆಮೇಲೆ ಡೆನ್ಮಾರ್ಕ್ ಮತ್ತು ಸ್ವೀಡನ್ ಶತಮಾನಗಳ ಕಾಲ ಒಂದರ ಮೇಲೊಂದು ಯುದ್ಧ ಮಾಡಿದವು. ಫಿನ್‌ಲ್ಯಾಂಡ್ 1809ರವರೆಗೆ ಸ್ವೀಡನ್ನಿನ ಭಾಗವಾಗಿತ್ತು, ಆಮೇಲೆ ರಷ್ಯಾದ ಕೈಗೆ ಹೋಯಿತು. ನಾರ್ವೆ 1814ರವರೆಗೆ ಡೆನ್ಮಾರ್ಕಿನ ಅಧೀನದಲ್ಲಿ, ನಂತರ 1905ರವರೆಗೆ ಸ್ವೀಡನ್ನಿನ ರಾಜನ ಕೆಳಗೆ ಇತ್ತು. ಐಸ್‌ಲ್ಯಾಂಡ್ ಗಣರಾಜ್ಯವಾಗಿದ್ದು 1944ರಲ್ಲಿ. ಅಂದರೆ ಇವುಗಳಲ್ಲಿ ಮೂರು ದೇಶಗಳು ಅಕ್ಕಪಕ್ಕದವರ ಹಿಡಿತದಿಂದಲೂ ಬಿಡಿಸಿಕೊಂಡು ಬಂದವು.

ಹೀಗಿದ್ದವರು ಇಪ್ಪತ್ತನೇ ಶತಮಾನದಲ್ಲಿ ‘ನಾವು ಒಂದೇ ಬಗೆಯವರು’ ಅಂತ ಹೇಳಿಕೊಳ್ಳುವ ಮಟ್ಟಕ್ಕೆ ಬಂದರು. ಅದಕ್ಕೆ ಬಹುದೊಡ್ಡ ಕಾರಣ ಕಲ್ಯಾಣ ರಾಜ್ಯ ಅನ್ನುವುದು ನನ್ನ ವಾದ. ಬಾವುಟ, ಸೇನೆ, ಒಂದೇ ಹಣ, ಒಂದೇ ಮಾರುಕಟ್ಟೆ ಇವೆಲ್ಲ ಮಾಡಲಾಗದ್ದನ್ನು ಪಿಂಚಣಿ, ಶಾಲೆ, ಆಸ್ಪತ್ರೆ, ಮಕ್ಕಳ ಭತ್ಯೆಯ ನಿಯಮಗಳು ಮಾಡಿದವು.

ದೊಡ್ಡ ಕನಸುಗಳು ಬಿದ್ದುಹೋದವು

ಹತ್ತೊಂಬತ್ತನೇ ಶತಮಾನದಲ್ಲಿ ವಿದ್ಯಾರ್ಥಿಗಳು, ಕವಿಗಳು, ಪ್ರಾಧ್ಯಾಪಕರು ಸೇರಿ ‘ಸ್ಕ್ಯಾಂಡಿನೇವಿಯನ್ನರು ಒಂದಾಗಬೇಕು’ ಎಂಬ ಚಳವಳಿ ನಡೆಸಿದರು. ಭಾಷಣಗಳಿಗೇನೂ ಕಡಿಮೆ ಇರಲಿಲ್ಲ. 1864ರಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಡೆನ್ಮಾರ್ಕಿನ ಮೇಲೆ ಬಿದ್ದಾಗ ಸ್ವೀಡನ್-ನಾರ್ವೆಯ ಸೇನೆ ನೆರವಿಗೆ ಬರಲಿಲ್ಲ. ಡೆನ್ಮಾರ್ಕ್ ಸೋತಿತು, ಕನಸೂ ಅಲ್ಲಿಗೇ ಕುಸಿಯಿತು.

1873ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ನಾಣ್ಯ ಒಕ್ಕೂಟ ಮಾಡಿಕೊಂಡವು. ಎರಡು ವರ್ಷಕ್ಕೆ ನಾರ್ವೆ ಸೇರಿತು. ಮೊದಲ ಮಹಾಯುದ್ಧದ ಹೊಡೆತಕ್ಕೆ ಅದು ಉಳಿಯಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1948-49ರಲ್ಲಿ, ಒಟ್ಟಾಗಿ ರಕ್ಷಣಾ ಒಕ್ಕೂಟ ಕಟ್ಟುವ ಮಾತುಕತೆ ನಡೆಯಿತು. ಅದು ಮುರಿದುಬಿತ್ತು. ಡೆನ್ಮಾರ್ಕ್, ನಾರ್ವೆ, ಐಸ್‌ಲ್ಯಾಂಡ್ ನೇಟೋ ಸೇರಿದವು, ಸ್ವೀಡನ್ ತಟಸ್ಥವಾಗಿ ಉಳಿಯಿತು, ಫಿನ್‌ಲ್ಯಾಂಡ್ ಸೋವಿಯತ್ ಒಕ್ಕೂಟದ ಜೊತೆ 1948ರ ಒಪ್ಪಂದಕ್ಕೆ ಕಟ್ಟುಬಿದ್ದಿತ್ತು. 1960ರ ದಶಕದ ಕೊನೆಯಲ್ಲಿ ‘ನಾರ್ಡೆಕ್’ ಎಂಬ ಆರ್ಥಿಕ ಒಕ್ಕೂಟದ ಕರಡೂ ಸಿದ್ಧವಾಯಿತು. 1970ರಲ್ಲಿ ಫಿನ್‌ಲ್ಯಾಂಡ್ ಹಿಂದೆ ಸರಿಯಿತು, ಅದೂ ಹೋಯಿತು.

ಇಷ್ಟು ಸೋಲುಗಳ ನಡುವೆಯೇ ಇನ್ನೊಂದು ಕಡೆ ಸದ್ದಿಲ್ಲದ ಕೆಲಸ ನಡೆಯುತ್ತಿತ್ತು. 1952ರಲ್ಲಿ ನಾರ್ಡಿಕ್ ಕೌನ್ಸಿಲ್ ಹುಟ್ಟಿತು. ಇದು ಸಂಸದರು ಸೇರಿ ಚರ್ಚಿಸುವ ವೇದಿಕೆ. ಯಾರ ಮೇಲೂ ಕಾನೂನು ಹೇರುವ ಅಧಿಕಾರ ಇದಕ್ಕಿಲ್ಲ. 1954ರಲ್ಲಿ ಒಂದೇ ಉದ್ಯೋಗ ಮಾರುಕಟ್ಟೆ ಬಂತು: ಒಂದು ದೇಶದ ಪ್ರಜೆ ಇನ್ನೊಂದರಲ್ಲಿ ಕೆಲಸ ಮಾಡಲು ಪರವಾನಗಿ ಬೇಡ. ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟುವ ಅವಕಾಶವೂ ಅದೇ ಹೊತ್ತಿಗೆ ಸಿಕ್ಕಿತು. 1955ರಲ್ಲಿ ಸಾಮಾಜಿಕ ಭದ್ರತೆಯ ಒಪ್ಪಂದಕ್ಕೆ ಸಹಿ ಬಿತ್ತು. ಇಡೀ ಕಥೆಯಲ್ಲಿ ಅತಿ ಮುಖ್ಯವಾದ ಕಾಗದ ಇದೇ ಅಂತ ನನಗನ್ನಿಸುತ್ತದೆ. ಅದು ಯಾಕೆ ಅಂತ ತಿಳಿಯಬೇಕಾದರೆ ಕಲ್ಯಾಣ ರಾಜ್ಯ ಅಂದರೇನು ಅಂತ ಮೊದಲು ನೋಡಬೇಕು.

ಬಡವರಿಗಷ್ಟೇ ಅಲ್ಲ, ಎಲ್ಲರಿಗೂ

ಕಲ್ಯಾಣ ರಾಜ್ಯ ಅಂದ ತಕ್ಷಣ ತುಂಬಾ ಜನರ ತಲೆಗೆ ಬರುವುದು ಬಡವರಿಗೆ ಸರ್ಕಾರ ಕೊಡುವ ಸಹಾಯ. ಹಾಗೆ ನೋಡಿದರೆ ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳೂ ಒಂದಲ್ಲ ಒಂದು ಸಹಾಯ ಕೊಡುತ್ತವೆ. ವ್ಯತ್ಯಾಸ ಇರುವುದು ಯಾರಿಗೆ, ಯಾವ ಆಧಾರದ ಮೇಲೆ ಅನ್ನುವುದರಲ್ಲಿ. ಡೆನ್ಮಾರ್ಕಿನ ಸಮಾಜಶಾಸ್ತ್ರಜ್ಞ ಗೋಸ್ತಾ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ ಶ್ರೀಮಂತ ದೇಶಗಳನ್ನು ಮೂರು ಗುಂಪಾಗಿ ವಿಂಗಡಿಸಿದರು. ಅಮೆರಿಕದಂಥ ದೇಶಗಳಲ್ಲಿ ಸರ್ಕಾರದ ನೆರವು ಮುಖ್ಯವಾಗಿ ಬಡವರಿಗೆ, ಉಳಿದವರು ಮಾರುಕಟ್ಟೆಯಲ್ಲಿ ಕೊಂಡುಕೊಳ್ಳಬೇಕು. ಜರ್ಮನಿಯಂಥ ದೇಶಗಳಲ್ಲಿ ನೌಕರಿ ಮತ್ತು ವಿಮೆಯ ಕಂತಿನ ಆಧಾರದ ಮೇಲೆ ಹಕ್ಕು ಸಿಗುತ್ತದೆ. ನಾರ್ಡಿಕ್ ದೇಶಗಳಲ್ಲಿ ಅಲ್ಲಿ ವಾಸ ಮಾಡುವ ಎಲ್ಲರಿಗೂ ಹಕ್ಕು, ಖರ್ಚಿನ ದೊಡ್ಡ ಪಾಲು ತೆರಿಗೆಯಿಂದ.

ಇದು ಕೇಳಲು ಸಣ್ಣ ವ್ಯತ್ಯಾಸ. ಬದುಕಿನಲ್ಲಿ ಅದು ಏನು ಮಾಡುತ್ತದೆ ಅನ್ನುವುದನ್ನು ಫಿನ್‌ಲ್ಯಾಂಡಿನ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನೋಡಬಹುದು. 1930ರ ದಶಕದಲ್ಲಿ ಫಿನ್‌ಲ್ಯಾಂಡ್ ಬಡ ದೇಶ. ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 65 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1938ರಿಂದ ಸರ್ಕಾರ ಬಡ ತಾಯಂದಿರಿಗೆ ಒಂದು ಹೆರಿಗೆ ಪೆಟ್ಟಿಗೆ ಕೊಡಲು ಶುರುಮಾಡಿತು. ಅದರೊಳಗೆ ಮಗುವಿನ ಬಟ್ಟೆ, ಹೊದಿಕೆ, ಆರೈಕೆಯ ಸಾಮಾನು. ಪೆಟ್ಟಿಗೆಯ ತಳಕ್ಕೆ ಪುಟ್ಟ ಹಾಸಿಗೆ ಹಾಕಿದರೆ ಅದೇ ಮಗುವಿನ ಮೊದಲ ಮಂಚ. 1949ರಲ್ಲಿ ಆದಾಯದ ಮಿತಿ ತೆಗೆದುಹಾಕಿದರು. ವೈದ್ಯರ ಹೆಂಡತಿಗೂ, ಕಾರ್ಖಾನೆಯ ಕೆಲಸದವಳಿಗೂ ಅದೇ ಪೆಟ್ಟಿಗೆ. ಒಂದು ಷರತ್ತು ಮಾತ್ರ ಇತ್ತು: ಗರ್ಭ ಧರಿಸಿ ನಾಲ್ಕು ತಿಂಗಳು ತುಂಬುವುದರೊಳಗೆ ವೈದ್ಯರನ್ನೋ ತಾಯಂದಿರ ಕ್ಲಿನಿಕ್ಕನ್ನೋ ಕಾಣಬೇಕು. ಈ ಒಂದು ಷರತ್ತು ದೇಶದ ಹೆಚ್ಚುಕಡಿಮೆ ಎಲ್ಲ ಗರ್ಭಿಣಿಯರನ್ನೂ ವೈದ್ಯಕೀಯ ತಪಾಸಣೆಗೆ ಕರೆತಂದಿತು.

ಪೆಟ್ಟಿಗೆ ಎಲ್ಲರದ್ದೂ ಆದಾಗ ಅದನ್ನು ತೆಗೆದುಕೊಳ್ಳಲು ಯಾರಿಗೂ ನಾಚಿಕೆ ಇಲ್ಲ. ಇದು ಸಣ್ಣ ಮಾತಲ್ಲ. ಹಿಂದೆ ಬಡವರ ನಿಧಿಯಿಂದ ಸಹಾಯ ಪಡೆದವರು ಮತದಾನದ ಹಕ್ಕನ್ನೇ ಕಳೆದುಕೊಳ್ಳುತ್ತಿದ್ದ ಕಾಲ ಈ ದೇಶಗಳಲ್ಲೂ ಇತ್ತು. ಸಹಾಯ ಪಡೆಯುವವನು ಅರ್ಧ ಪ್ರಜೆ ಅನ್ನುವ ಆ ಭಾವನೆಯನ್ನು ಮುರಿದಿದ್ದೇ ನಾರ್ಡಿಕ್ ಪದ್ಧತಿಯ ನಿಜವಾದ ಸಾಧನೆ.

ಇನ್ನು ತೆರಿಗೆ. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ವ್ಯಾಟ್ ಶೇ. 25. ಡೆನ್ಮಾರ್ಕ್, ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಒಟ್ಟು ತೆರಿಗೆ ಜಿಡಿಪಿಯ ಶೇ. 40ರ ಮೇಲೇ ಇರುತ್ತದೆ. ಶ್ರೀಮಂತ ದೇಶಗಳ ಸರಾಸರಿ ಶೇ. 34ರ ಆಸುಪಾಸು. ಜನ ಇಷ್ಟು ಕಟ್ಟಲು ಯಾಕೆ ಒಪ್ಪುತ್ತಾರೆ? ಮಧ್ಯಮ ವರ್ಗಕ್ಕೂ ಅದರಲ್ಲಿ ದೊಡ್ಡ ಪಾಲು ವಾಪಸ್ ಸಿಗುವುದರಿಂದ. ಸ್ವೀಡನ್ನಿನಲ್ಲಿ 1950ರ ದಶಕದ ಅತಿ ದೊಡ್ಡ ಜಗಳ ಇದರ ಮೇಲೇ ನಡೆಯಿತು. ಎಲ್ಲರಿಗೂ ಸಮಾನವಾದ ಮೂಲ ಪಿಂಚಣಿ ಆಗಲೇ ಇತ್ತು. ಅದರ ಮೇಲೆ ಸಂಬಳಕ್ಕೆ ತಕ್ಕ ಕಡ್ಡಾಯ ಪಿಂಚಣಿ ಸೇರಿಸಬೇಕೇ ಬೇಡವೇ? 1959ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಪ್ರಸ್ತಾವ 115-114ರಲ್ಲಿ ಗೆದ್ದಿತು. ವಿರೋಧ ಪಕ್ಷದ ಒಬ್ಬ ಸದಸ್ಯ ಮತ ಹಾಕದೆ ಸುಮ್ಮನೆ ಕೂತಿದ್ದರಿಂದ ಇದು ಸಾಧ್ಯವಾಯಿತು. ಆ ಒಂದು ಮತದ ಅಂತರ ದಶಕಗಳ ರಾಜಕೀಯವನ್ನು ನಿರ್ಧರಿಸಿತು. ಒಳ್ಳೆ ಸಂಬಳದ ಗುಮಾಸ್ತರು, ಇಂಜಿನಿಯರುಗಳು ಕೂಡ ಸರ್ಕಾರದ ಪಿಂಚಣಿಯನ್ನೇ ನಂಬಿಕೊಂಡರು. ತಾವೇ ಬಳಸುವ ವ್ಯವಸ್ಥೆಯನ್ನು ಒಡೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಅಲ್ವಾ?

ಇದಕ್ಕೆ ಇನ್ನೊಂದು ಕೊಂಡಿ ನಂಬಿಕೆ. ‘ಹೆಚ್ಚಿನ ಜನರನ್ನು ನಂಬಬಹುದೇ?’ ಎಂದು ಸಮೀಕ್ಷೆಗಳಲ್ಲಿ ಕೇಳಿದಾಗ ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಲ್ಲಿ ಶೇ. 60ಕ್ಕೂ ಹೆಚ್ಚು ಜನ ಹೌದು ಅನ್ನುತ್ತಾರೆ. ನಂಬಿಕೆ ಮೊದಲಿತ್ತೋ, ಕಲ್ಯಾಣ ರಾಜ್ಯ ಅದನ್ನು ಬೆಳೆಸಿತೋ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಸ್ವೀಡನ್ನಿನ ರಾಜ್ಯಶಾಸ್ತ್ರಜ್ಞ ಬೋ ರೋತ್‌ಸ್ಟೈನ್ ಅವರ ವಾದ ನನಗೆ ಸರಿ ಅನ್ನಿಸುತ್ತದೆ. ಯಾರು ಅರ್ಹರು, ಯಾರು ಅಲ್ಲ ಅಂತ ಅಧಿಕಾರಿ ಕೂತು ತೂಗಬೇಕಾದರೆ ಅನುಮಾನ ಹುಟ್ಟುತ್ತದೆ: ಅವನು ಸುಳ್ಳು ಹೇಳಿ ಪಡೆದ, ಇವಳಿಗೆ ಶಿಫಾರಸು ಇತ್ತು. ಎಲ್ಲರಿಗೂ ಕೊಟ್ಟರೆ ಆ ಅನುಮಾನಕ್ಕೆ ಜಾಗವೇ ಕಡಿಮೆ.

ಒಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. ಇದು ಸಮಾಜವಾದಿ ಆರ್ಥಿಕತೆ ಅಲ್ಲ. 2015ರಲ್ಲಿ ಆಗಿನ ಡೆನ್ಮಾರ್ಕ್ ಪ್ರಧಾನಿ ಲಾರ್ಸ್ ಲೋಕ್ಕೆ ರಾಸ್ಮುಸ್ಸೆನ್ ಅಮೆರಿಕದಲ್ಲಿ ಮಾತಾಡುತ್ತಾ, ಡೆನ್ಮಾರ್ಕ್ ಮಾರುಕಟ್ಟೆ ಆರ್ಥಿಕತೆಯ ದೇಶ ಅಂತ ಸ್ಪಷ್ಟವಾಗಿ ಹೇಳಿದ್ದರು. ಕಂಪನಿಗಳು ಖಾಸಗಿ, ವ್ಯಾಪಾರ ಮುಕ್ತ. ಐದೂ ದೇಶಗಳಲ್ಲಿ ಕಾನೂನಿನ ಕನಿಷ್ಠ ವೇತನ ಕೂಡ ಇಲ್ಲ. ವೇತನವನ್ನು ಕಾರ್ಮಿಕ ಸಂಘಗಳು ಮತ್ತು ಮಾಲೀಕರ ಸಂಘಗಳು ಕೂತು ತೀರ್ಮಾನಿಸುತ್ತವೆ. ಇನ್ನೊಂದು ಮಾತು: ‘ನಾರ್ವೆಯವರಿಗೇನು, ತೈಲ ಇದೆ’ ಅಂತಾರೆ. ನಾರ್ವೆಯ ರಾಷ್ಟ್ರೀಯ ವಿಮೆ ಜಾರಿಗೆ ಬಂದದ್ದು 1967ರಲ್ಲಿ. ಅದರ ಮೊದಲ ದೊಡ್ಡ ತೈಲ ನಿಕ್ಷೇಪ, ಉತ್ತರ ಸಮುದ್ರದ ಎಕೋಫಿಸ್ಕ್, ಸಿಕ್ಕಿದ್ದು 1969ರ ಕೊನೆಗೆ.

ರೈತ ಮತ್ತು ಕಾರ್ಮಿಕರ ಕೊಡುಕೊಳ್ಳುವಿಕೆ

ಐದು ದೇಶಗಳಲ್ಲೂ ಒಂದೇ ಬಗೆಯ ವ್ಯವಸ್ಥೆ ಬೆಳೆದದ್ದು ಸುಮ್ನೆ ಅಲ್ಲ. ಒಂದೇ ಬಗೆಯ ಸಂಕಟ, ಒಂದೇ ಬಗೆಯ ಶಕ್ತಿಗಳು ಅಲ್ಲಿದ್ದವು. ಲೂಥರನ್ ಚರ್ಚಿನ ಕಾಲದಿಂದ ಓದು ಬಲ್ಲ ಜನ, ಸ್ವಂತ ಭೂಮಿಯ ಸಣ್ಣ ರೈತರು, ಗಟ್ಟಿಯಾದ ಸ್ಥಳೀಯ ಆಡಳಿತ. 1930ರ ಆರ್ಥಿಕ ಕುಸಿತ ಬಂದಾಗ ಕಾರ್ಮಿಕರ ಪಕ್ಷಕ್ಕೂ ರೈತರ ಪಕ್ಷಕ್ಕೂ ಒಬ್ಬರ ಅಗತ್ಯ ಇನ್ನೊಬ್ಬರಿಗೆ ಬಿತ್ತು.

1933ರ ಜನವರಿ 30ರಂದು ಕೋಪನ್‌ಹೇಗನ್ನಿನ ಕಾನ್ಸ್‌ಲರ್‌ಗಾಡೆ ಬೀದಿಯಲ್ಲಿ, ಪ್ರಧಾನಿ ಥೋರ್ವಾಲ್ಡ್ ಸ್ಟೌನಿಂಗ್ ಅವರ ಮನೆಯಲ್ಲೇ, ಪಕ್ಷಗಳ ನಾಯಕರು ಒಂದು ಒಪ್ಪಂದಕ್ಕೆ ಬಂದರು. ಕ್ರೋನದ ಬೆಲೆ ಇಳಿಸಿ ರೈತರ ರಫ್ತಿಗೆ ಅನುಕೂಲ ಮಾಡುವುದು, ಅದಕ್ಕೆ ಬದಲಾಗಿ ರೈತರ ಪಕ್ಷ ಸಾಮಾಜಿಕ ಸುಧಾರಣೆಗಳಿಗೆ ದಾರಿ ಬಿಡುವುದು. ಅದೇ ದಿನ ಬರ್ಲಿನ್‌ನಲ್ಲಿ ಹಿಟ್ಲರ್ ಚಾನ್ಸಲರ್ ಆದ. ಅದೇ ಬಿಕ್ಕಟ್ಟಿಗೆ ಎರಡು ನೆರೆ ದೇಶಗಳು ಒಂದೇ ದಿನ ಕೊಟ್ಟ ಎರಡು ಉತ್ತರಗಳು ಅವು. ಸ್ವೀಡನ್ನಿನಲ್ಲಿ ಅಂಥದ್ದೇ ಒಪ್ಪಂದ ಅದೇ ವರ್ಷ ಆಯಿತು, ನಾರ್ವೆಯಲ್ಲಿ 1935ರಲ್ಲಿ. ಫಿನ್‌ಲ್ಯಾಂಡಿನಲ್ಲಿ 1937ರಲ್ಲಿ ರೈತರ ಪಕ್ಷವೂ ಕಾರ್ಮಿಕರ ಪಕ್ಷವಾದ ಸೋಶಿಯಲ್ ಡೆಮಾಕ್ರಟರೂ ಒಂದೇ ಸರ್ಕಾರದಲ್ಲಿ ಕೂತರು. 1918ರಲ್ಲಿ ಅಲ್ಲಿ ನಡೆದ ಭೀಕರ ಅಂತರ್ಯುದ್ಧಕ್ಕೆ ಆಗಿನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ. ಎದುರುಬದುರು ಬಂದೂಕು ಹಿಡಿದಿದ್ದವರ ಕಡೆಯವರು ಒಂದೇ ಮೇಜಿಗೆ ಬಂದಿದ್ದರು.

ಸ್ವೀಡನ್ನಿನ ಸೋಶಿಯಲ್ ಡೆಮಾಕ್ರಟರ ನಾಯಕ ಪೆರ್ ಆಲ್ಬಿನ್ ಹಾನ್ಸನ್ 1928ರಲ್ಲೇ ಸಂಸತ್ತಿನಲ್ಲಿ ದೇಶವನ್ನು ‘ಜನರ ಮನೆ’ ಅಂತ ಕರೆದಿದ್ದರು. ಒಳ್ಳೆಯ ಮನೆಯಲ್ಲಿ ಮುದ್ದಿನ ಮಗು, ಮಲಮಗು ಅನ್ನುವ ಭೇದ ಇರಬಾರದು ಅನ್ನುವುದು ಅವರ ಮಾತಿನ ಸಾರ. ಅವರು 1932ರಲ್ಲಿ ಪ್ರಧಾನಿಯಾದರು. ಆಮೇಲೆ 1976ರವರೆಗೆ ಅವರ ಪಕ್ಷ ಹೆಚ್ಚುಕಡಿಮೆ ಬಿಡದೆ ಅಧಿಕಾರದಲ್ಲಿತ್ತು.

ಒಂದು ದೇಶ ಮಾಡಿದ್ದನ್ನು ಇನ್ನೊಂದು ನೋಡಿ ಕಲಿಯುವುದು ಅಭ್ಯಾಸವೇ ಆಯಿತು. ಸಚಿವರು, ಅಧಿಕಾರಿಗಳು, ಸಂಘಗಳ ನಾಯಕರು ವರ್ಷ ವರ್ಷ ಭೇಟಿಯಾಗುತ್ತಿದ್ದರು. 1974ರಲ್ಲಿ ಸ್ವೀಡನ್ ಮಗುವಿನ ಆರೈಕೆಯ ರಜೆಯನ್ನು ತಂದೆಗೂ ತೆರೆಯಿತು. 1993ರಲ್ಲಿ ನಾರ್ವೆ ತಂದೆಗೇ ಮೀಸಲಾದ ವಾರಗಳನ್ನು ತಂದಿತು. ಎರಡು ವರ್ಷಕ್ಕೆ ಸ್ವೀಡನ್ ಅದನ್ನು ತಾನೂ ಮಾಡಿತು. 2000ದಲ್ಲಿ ಐಸ್‌ಲ್ಯಾಂಡ್ ಇನ್ನೂ ಮುಂದೆ ಹೋಗಿ ತಾಯಿಗೆ ಮೂರು ತಿಂಗಳು, ತಂದೆಗೆ ಮೂರು ತಿಂಗಳು, ಇಬ್ಬರೂ ಹಂಚಿಕೊಳ್ಳಲು ಮೂರು ತಿಂಗಳು ಅಂತ ಕಾನೂನು ಮಾಡಿತು. ಯಾರೂ ಹೇಳಿ ಮಾಡಿಸಿದ್ದಲ್ಲ. ನೆರೆಯವರಿಗಿಂತ ಹಿಂದೆ ಬೀಳಬಾರದು ಅನ್ನುವ ಹಟವೇ ಹೆಚ್ಚು ಕೆಲಸ ಮಾಡಿತು. ಹೋಲಿಸಿಕೊಳ್ಳುವುದು ಯಾರ ಜೊತೆ ಅನ್ನುವುದರಲ್ಲೇ ಗುರುತಿನ ಸುಳಿವಿದೆ. ಸ್ವೀಡನ್ನಿನ ಸಂಸದರು ಮೊದಲು ನೋಡುತ್ತಿದ್ದದ್ದು ಓಸ್ಲೋ ಮತ್ತು ಕೋಪನ್‌ಹೇಗನ್ ಕಡೆಗೆ.

ಹಕ್ಕು ಜೊತೆಗೇ ಬಂದಾಗ

ಈಗ 1955ರ ಆ ಒಪ್ಪಂದಕ್ಕೆ ಬರೋಣ. ಫಿನ್‌ಲ್ಯಾಂಡಿನ ಉತ್ತರದ ಹಳ್ಳಿಯ ಒಬ್ಬ ಯುವಕನನ್ನು ಊಹಿಸಿಕೊಳ್ಳಿ. 1960ರ ದಶಕ. ಕಾಡಿನ ಕೆಲಸಕ್ಕೆ ಯಂತ್ರಗಳು ಬಂದಿವೆ, ಸಣ್ಣ ಹೊಲದಲ್ಲಿ ಹೊಟ್ಟೆ ತುಂಬುವುದಿಲ್ಲ. ಸ್ವೀಡನ್ನಿನ ಗೋಥೆನ್‌ಬರ್ಗಿನ ವೋಲ್ವೋ ಕಾರ್ಖಾನೆಗೆ ಜನ ಬೇಕಾಗಿದ್ದಾರೆ. ಅವನಿಗೆ ಸ್ವೀಡಿಶ್ ಬರುವುದಿಲ್ಲ. ಆದರೆ ಕೆಲಸಕ್ಕೆ ಪರವಾನಗಿ ಬೇಡ. ಹೋದ ಮೇಲೆ ಕಾಯಿಲೆ ಬಿದ್ದರೆ ಸ್ವೀಡನ್ನಿನವರಿಗೆ ಸಿಗುವ ಚಿಕಿತ್ಸೆಯೇ ಅವನಿಗೂ. ಮಗು ಹುಟ್ಟಿದರೆ ಮಕ್ಕಳ ಭತ್ಯೆ. ಅಲ್ಲಿ ದುಡಿದ ವರ್ಷಗಳ ಪಿಂಚಣಿ, ಮುಪ್ಪಿನಲ್ಲಿ ಊರಿಗೆ ಮರಳಿದರೂ ಕೈತಪ್ಪುವುದಿಲ್ಲ.

ಯುದ್ಧ ಮುಗಿದಂದಿನಿಂದ 1970ರ ದಶಕದವರೆಗೆ ಹೀಗೆ ಸ್ವೀಡನ್ನಿಗೆ ಹೋದ ಫಿನ್‌ಲ್ಯಾಂಡಿನವರು ಸುಮಾರು ಐದು ಲಕ್ಷ. ದೊಡ್ಡ ಭಾಗ ಆಮೇಲೆ ಮರಳಿತು. ಉಳಿದವರ ಬದುಕು ಸುಲಭವಿರಲಿಲ್ಲ. ಭಾಷೆ ಗೊತ್ತಿಲ್ಲದ ಮಕ್ಕಳು ಶಾಲೆಯಲ್ಲಿ ತಬ್ಬಿಬ್ಬಾದರು, ದೊಡ್ಡವರು ಕೀಳಾಗಿ ನೋಡುವವರನ್ನು ಸಹಿಸಿದರು. ಫಿನ್ನಿಶ್‌ಗೆ ಸ್ವೀಡನ್ನಿನಲ್ಲಿ ಅಲ್ಪಸಂಖ್ಯಾತ ಭಾಷೆಯ ಅಧಿಕೃತ ಸ್ಥಾನ ಸಿಕ್ಕಿದ್ದು 2000ದಲ್ಲಿ. ಆದರೆ ಕಾನೂನಿನ ಕಣ್ಣಲ್ಲಿ ಅವರು ಬಂದ ದಿನದಿಂದಲೇ ಪರಕೀಯರಾಗಿರಲಿಲ್ಲ. ನಾರ್ಡಿಕ್ ಅನ್ನುವುದು ಒಂದು ಭಾವನೆ ಆಗುವ ಮೊದಲೇ ಕಚೇರಿಯ ಕಿಟಕಿಯಲ್ಲಿ ಕೆಲಸಕ್ಕೆ ಬರುವ ಸಂಗತಿ ಆಗಿತ್ತು. ಮುಂದೆ ಬಂದ ಇನ್ನೊಂದು ಒಪ್ಪಂದದ ಪ್ರಕಾರ, ಮೂರು ವರ್ಷ ಕಾನೂನುಬದ್ಧವಾಗಿ ವಾಸವಿದ್ದ ನಾರ್ಡಿಕ್ ಪ್ರಜೆಯನ್ನು ‘ಇವರಿಗೆ ಸರ್ಕಾರದ ಸಹಾಯ ಬೇಕಾಯಿತು’ ಅನ್ನುವ ಕಾರಣಕ್ಕೆ ವಾಪಸ್ ಕಳಿಸುವಂತಿಲ್ಲ. ಕಷ್ಟ ಬಂದಾಗ ಹೊರಹಾಕುವುದಿಲ್ಲ ಅನ್ನುವ ಭರವಸೆಗಿಂತ ಹತ್ತಿರದ ನಂಟು ದೇಶ ದೇಶಗಳ ನಡುವೆ ಬೇರೆ ಯಾವುದಿದೆ?

ಫಿನ್‌ಲ್ಯಾಂಡಿನ ಸರ್ಕಾರಕ್ಕೆ ಇದರಲ್ಲಿ ಇನ್ನೊಂದು ಅರ್ಥವೂ ಇತ್ತು. ಸೋವಿಯತ್ ನೆರಳಿನಲ್ಲಿದ್ದ ಆ ದೇಶ ಪಾಶ್ಚಾತ್ಯ ಸೇನಾಕೂಟ ಸೇರುವಂತಿರಲಿಲ್ಲ. ನಾರ್ಡಿಕ್ ಕೌನ್ಸಿಲ್‌ಗೂ ಮೂರು ವರ್ಷ ತಡವಾಗಿ, 1955ರಲ್ಲಿ, ಸೇರಿತು. ಆದರೆ ಸ್ವೀಡನ್ನಿನಂಥ ಶಾಲೆ, ಸ್ವೀಡನ್ನಿನಂಥ ಆರೋಗ್ಯ ವ್ಯವಸ್ಥೆ ಕಟ್ಟುವುದನ್ನು ಯಾರೂ ತಡೆಯಲಾಗುತ್ತಿರಲಿಲ್ಲ. ತಾನು ಯಾವ ಕಡೆಯ ದೇಶ ಅಂತ ಫಿನ್‌ಲ್ಯಾಂಡ್ ತನ್ನ ಸಾಮಾಜಿಕ ಕಾನೂನುಗಳ ಮೂಲಕ ಹೇಳುತ್ತಾ ಹೋಯಿತು.

ಹೊತ್ತು ಹೋದಂತೆ ಇದು ಹೆಮ್ಮೆಯ ವಿಷಯವೂ ಆಯಿತು, ರಾಜಕೀಯ ಆಸ್ತಿಯೂ ಆಯಿತು. 2010ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸೋಶಿಯಲ್ ಡೆಮಾಕ್ರಟರು ‘ನಾರ್ಡಿಕ್ ಮಾದರಿ’ ಅನ್ನುವ ಹೆಸರನ್ನು ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೋದಾಗ ಆಕ್ಷೇಪ ಎದ್ದಿತು. ಅದು ಒಂದು ಪಕ್ಷದ್ದಲ್ಲ, ಎಲ್ಲರದ್ದು ಅನ್ನುವ ವಾದ ಬಂತು. ಬಲಪಂಥದ ಪಕ್ಷಗಳೂ ಅದನ್ನು ಬಿಟ್ಟುಕೊಡಲು ಸಿದ್ಧರಿರಲಿಲ್ಲ ಅನ್ನುವುದೇ ಈ ಗುರುತು ಎಷ್ಟು ಆಳಕ್ಕೆ ಇಳಿದಿದೆ ಅಂತ ತೋರಿಸುತ್ತದೆ.

ಹೊರಗೆ ಉಳಿದವರು

ಎಲ್ಲರನ್ನೂ ಸಮಾನವಾಗಿ ನೋಡುವ ರಾಜ್ಯ ‘ಎಲ್ಲರೂ’ ಅಂದರೆ ಯಾರು ಅಂತಲೂ ತೀರ್ಮಾನಿಸುತ್ತದೆ. ಈ ಕಥೆಯ ನೋವಿನ ಭಾಗ ಇದು. ಇದನ್ನು ಬಿಟ್ಟು ನಾರ್ಡಿಕ್ ಮಾದರಿಯನ್ನು ಹೊಗಳುವುದು ನ್ಯಾಯವಲ್ಲ.

ಸ್ವೀಡನ್ನಿನಲ್ಲಿ 1930ರ ದಶಕದಿಂದ 1975ರವರೆಗೆ ಇದ್ದ ಕಾನೂನುಗಳಡಿ ಸುಮಾರು 63 ಸಾವಿರ ಜನರಿಗೆ ಸಂತಾನಹರಣ ಚಿಕಿತ್ಸೆ ಆಯಿತು. ಎಲ್ಲವೂ ಬಲವಂತದ್ದಲ್ಲ. ಆದರೆ ಬುದ್ಧಿಮಾಂದ್ಯರು, ‘ಹದ್ದುಮೀರಿದ’ ಬಡ ಹೆಂಗಸರು ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಬಹಳ ಮಂದಿ ಒತ್ತಡಕ್ಕೆ ಸಿಕ್ಕು ಸಹಿ ಹಾಕಿದರು. 1999ರಲ್ಲಿ ಪರಿಹಾರದ ಕಾನೂನು ಬಂತು. ಜನರ ಮನೆ ಕಟ್ಟಿದ ಅದೇ ತಲೆಮಾರು, ಅದೇ ಅಧಿಕಾರಿ ವರ್ಗ ಇದನ್ನೂ ಮಾಡಿತ್ತು.

ಉತ್ತರದ ಮೂಲನಿವಾಸಿಗಳಾದ ಸಾಮಿ ಜನರಿಗೆ ಶಾಲೆ ಬಂದದ್ದು ಅವರ ಭಾಷೆಯನ್ನು ಬಾಯಿಂದ ಅಳಿಸುವ ಸಾಧನವಾಗಿ. ನಾರ್ವೆಯ ಸತ್ಯ ಮತ್ತು ಸಮನ್ವಯ ಆಯೋಗ 2023ರಲ್ಲಿ ವರದಿ ಕೊಟ್ಟಿತು. 2024ರ ನವೆಂಬರಿನಲ್ಲಿ ಸಂಸತ್ತು ಕ್ಷಮೆ ಕೇಳಿತು. ಗ್ರೀನ್‌ಲ್ಯಾಂಡಿನಲ್ಲಿ 1960ರ ದಶಕದಿಂದ ಸಾವಿರಾರು ಹೆಂಗಸರಿಗೆ, ಶಾಲಾ ವಯಸ್ಸಿನ ಹುಡುಗಿಯರಿಗೂ, ಒಪ್ಪಿಗೆ ಇಲ್ಲದೆ ಅಥವಾ ತಿಳಿಸದೆ ಗರ್ಭನಿರೋಧಕ ಸಾಧನ ಅಳವಡಿಸಿದರು. ಕೆಲಸ ನಡೆದದ್ದು ಡೆನ್ಮಾರ್ಕಿನ ಆರೋಗ್ಯ ವ್ಯವಸ್ಥೆಯ ಮೂಲಕ. 2025ರಲ್ಲಿ ಪ್ರಧಾನಿ ಮೆಟ್ಟೆ ಫ್ರೆಡರಿಕ್ಸೆನ್ ಕ್ಷಮೆ ಕೇಳಿದರು. ಒಂದು ಊರಿಗೆ ಆರೋಗ್ಯ ಕೇಂದ್ರ ಬಂದದ್ದು ಯಾರ ಮಾತು ಕೇಳಿ, ಯಾರ ಒಳಿತಿಗೆ ಅನ್ನುವ ಪ್ರಶ್ನೆಗೆ ಗ್ರೀನ್‌ಲ್ಯಾಂಡಿನ ರಾಜಧಾನಿ ನೂಕ್‌ನಲ್ಲಿ ಸಿಗುವ ಉತ್ತರ, ಕೋಪನ್‌ಹೇಗನ್ನಿನಲ್ಲಿ ಸಿಗುವ ಉತ್ತರ ಒಂದೇ ಅಲ್ಲ.

ಹೊಸದಾಗಿ ಬಂದವರ ವಿಷಯದಲ್ಲಿ ಇದೇ ಗೆರೆ ಮತ್ತೆ ಕಾಣಿಸಿಕೊಂಡಿದೆ. 2015ರಲ್ಲಿ ಸ್ವೀಡನ್ನಿಗೆ ಸುಮಾರು 1 ಲಕ್ಷ 63 ಸಾವಿರ ಜನ ಆಶ್ರಯ ಕೇಳಿ ಬಂದರು. ಮರು ಜನವರಿಯಲ್ಲಿ ಡೆನ್ಮಾರ್ಕಿನಿಂದ ಬರುವವರ ಗುರುತಿನ ಚೀಟಿ ತಪಾಸಣೆ ಶುರುವಾಯಿತು. 2000ದಲ್ಲಿ ತೆರೆದ ಓರೆಸುಂಡ್ ಸೇತುವೆಯ ಮೇಲೆ ದಿನಾ ಓಡಾಡುವ ನೌಕರರು ರೈಲಿನಿಂದ ಇಳಿದು ಸಾಲು ನಿಲ್ಲಬೇಕಾಯಿತು. ‘ಕಲ್ಯಾಣ ನಮ್ಮವರಿಗೆ ಮಾತ್ರ’ ಅನ್ನುವ ರಾಜಕೀಯ ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ನಾಲ್ಕರಲ್ಲೂ ಬಲವಾಗಿದೆ. ಅದು ಕಲ್ಯಾಣ ರಾಜ್ಯವನ್ನು ವಿರೋಧಿಸುವುದಿಲ್ಲ. ಅದರ ಕಾವಲುಗಾರನ ಹಾಗೆ ಮಾತಾಡುತ್ತದೆ. ಆದ್ದರಿಂದಲೇ ಅದಕ್ಕೆ ಉತ್ತರ ಕೊಡುವುದು ಕಷ್ಟ.

2020ರ ಕೋವಿಡ್ ಇನ್ನೊಂದು ಸಂಗತಿಯನ್ನು ಬಯಲು ಮಾಡಿತು. ಸ್ವೀಡನ್ನಿನ ಹಾಪರಾಂಡ ಮತ್ತು ಫಿನ್‌ಲ್ಯಾಂಡಿನ ತೋರ್ನಿಯೋ ಅಂಟಿಕೊಂಡೇ ಇರುವ ಊರುಗಳು. ಒಂದು ಊರಿನ ಗಡಿಯಾರ ಇನ್ನೊಂದಕ್ಕಿಂತ ಒಂದು ಗಂಟೆ ಮುಂದೆ ಅನ್ನುವುದು ಬಿಟ್ಟರೆ ಗಡಿ ಕಾಣುತ್ತಲೇ ಇರಲಿಲ್ಲ. ಆ ವರ್ಷ ಅವುಗಳ ನಡುವಿನ ಚೌಕದಲ್ಲಿ ಬೇಲಿ ಬಿತ್ತು. ಆರೋಗ್ಯದ ಭಯ ಬಂದ ಕೂಡಲೇ ಪ್ರತಿ ಸರ್ಕಾರವೂ ತನ್ನ ಪ್ರಜೆಗಳ ಕಡೆಗಷ್ಟೇ ತಿರುಗಿತು. ತೆರಿಗೆ ವಸೂಲಿ ಮಾಡುವುದು, ಆಸ್ಪತ್ರೆ ನಡೆಸುವುದು, ಚುನಾವಣೆಯಲ್ಲಿ ಲೆಕ್ಕ ಒಪ್ಪಿಸುವುದು ಎಲ್ಲ ಆಯಾ ದೇಶದೊಳಗೇ. ನಾರ್ಡಿಕ್ ಕೌನ್ಸಿಲ್ ಯಾರಿಗೂ ಪಿಂಚಣಿ ಕೊಡುವುದಿಲ್ಲ. ಐದು ರಾಷ್ಟ್ರೀಯ ಕಲ್ಯಾಣ ರಾಜ್ಯಗಳು ಒಂದನ್ನೊಂದು ಒಪ್ಪಿಕೊಂಡು ನಡೆಯುವುದರಿಂದ ಬಂದ ಗುರುತು ಇದು. ಒಂದೇ ಕಲ್ಯಾಣ ರಾಜ್ಯ ಇದೆ ಅಂತ ತಿಳಿದರೆ ತಪ್ಪಾಗುತ್ತದೆ.

ಸಣ್ಣಪುಟ್ಟ ತೊಡಕುಗಳು ಇವತ್ತಿಗೂ ಕಾಡುತ್ತವೆ. ಸ್ವೀಡನ್ನಿನ ಮಾಲ್ಮೋದಲ್ಲಿ ಮನೆ, ಕೋಪನ್‌ಹೇಗನ್ನಿನಲ್ಲಿ ಕೆಲಸ ಇರುವವರಿಗೆ ಸಾಮಾನ್ಯವಾಗಿ ಕೆಲಸದ ದೇಶದ ಸಾಮಾಜಿಕ ವಿಮೆ ಅನ್ವಯಿಸುತ್ತದೆ. ಮನೆಯಿಂದ ಕೆಲಸ ಮಾಡುವ ದಿನಗಳು ಜಾಸ್ತಿಯಾದರೆ ಲೆಕ್ಕ ಬದಲಾಗಬಹುದು. ಒಂದು ದೇಶದ ಡಿಜಿಟಲ್ ಗುರುತು ಇನ್ನೊಂದರ ವೆಬ್‌ಸೈಟಿನಲ್ಲಿ ಸಲೀಸಾಗಿ ನಡೆಯುವುದಿಲ್ಲ. ಇಂಥವನ್ನು ಬಿಡಿಸಲೆಂದೇ 2014ರಲ್ಲಿ ಒಂದು ಗಡಿ ತೊಡಕು ಮಂಡಳಿ ಮಾಡಿದ್ದಾರೆ. 2030ರ ಹೊತ್ತಿಗೆ ಜಗತ್ತಿನಲ್ಲೇ ಹೆಚ್ಚು ಬೆಸೆದುಕೊಂಡ ಪ್ರದೇಶ ಆಗಬೇಕು ಅನ್ನುವುದು ಐವರು ಪ್ರಧಾನಿಗಳು 2019ರಲ್ಲಿ ಘೋಷಿಸಿದ ಗುರಿ.

ಅಷ್ಟರಲ್ಲಿ ಉಕ್ರೇನ್ ಯುದ್ಧ ಬಂತು. 2023ರಲ್ಲಿ ಫಿನ್‌ಲ್ಯಾಂಡ್, 2024ರಲ್ಲಿ ಸ್ವೀಡನ್ ನೇಟೋ ಸೇರಿದವು. 1949ರಲ್ಲಿ ಆಗದ ಒಗ್ಗಟ್ಟು ಬೇರೆ ದಾರಿಯಲ್ಲಿ ಬಂದಿದೆ. ಅದರ ಖರ್ಚೂ ಬಂದಿದೆ. ಜನ ಹೆಚ್ಚು ಕಾಲ ಬದುಕುತ್ತಿದ್ದಾರೆ, ಪಿಂಚಣಿಯ ಹೊರೆ ಬೆಳೆಯುತ್ತಿದೆ. 2040ರ ಹೊತ್ತಿಗೆ ನಿವೃತ್ತಿ ವಯಸ್ಸನ್ನು 70ಕ್ಕೆ ಏರಿಸುವ ಕಾನೂನನ್ನು ಡೆನ್ಮಾರ್ಕ್ 2025ರಲ್ಲಿ ಒಪ್ಪಿತು. ಅದಕ್ಕೆ ಮೊದಲು, ರಕ್ಷಣಾ ಖರ್ಚಿಗೆ ಹಣ ಹೊಂದಿಸಲು, ಹದಿನೇಳನೇ ಶತಮಾನದಿಂದ ಇದ್ದ ಮಹಾ ಪ್ರಾರ್ಥನಾ ದಿನದ ರಜೆಯನ್ನು ಅಲ್ಲಿನ ಸರ್ಕಾರ ರದ್ದು ಮಾಡಿತು. 2023ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಹತ್ತಾರು ಸಾವಿರ ಜನ ಸೇರಿದರು. ಕಾರ್ಮಿಕ ಸಂಘಗಳೇ ಮುಂದೆ ನಿಂತು ನಡೆಸಿದ ಪ್ರತಿಭಟನೆ ಅದು. ಅವರ ಸಿಟ್ಟು ಒಂದು ದಿನದ ರಜೆ ಹೋಯಿತು ಅನ್ನುವುದಕ್ಕಷ್ಟೇ ಆಗಿರಲಿಲ್ಲ. ದುಡಿಮೆಯ ದಿನಗಳ ಲೆಕ್ಕ ಸಂಘಗಳೂ ಮಾಲೀಕರೂ ಕೂತು ಮಾಡಬೇಕಾದದ್ದು, ಸರ್ಕಾರ ಅವರನ್ನು ಕೇಳದೆ ಅದರೊಳಗೆ ಕೈ ಹಾಕಿತು ಅನ್ನುವುದು ಅವರ ದೂರು. ಮಸೂದೆ ಪಾಸಾಯಿತು. 2024ರಿಂದ ಆ ದಿನ ಡೆನ್ಮಾರ್ಕಿನಲ್ಲಿ ಕೆಲಸದ ದಿನ.